ಪಿಂಚಣಿ ಅರ್ಜಿ ಮತ್ತು ಉಳಿತಾಯದ ವಿವರ: ಮರೆಮಾಚುವ ಅಗತ್ಯವಿಲ್ಲ

ಸಾಮಾಜಿಕ ಭದ್ರತಾ ಯೋಜನೆಗಳಡಿ ಮಾಸಿಕ ಪಿಂಚಣಿ ಕೋರಿ ಅರ್ಜಿ ಸಲ್ಲಿಸುವ ಹಲವರು ತಮ್ಮ ಹೆಸರಿನಲ್ಲಿರುವ ಅಲ್ಪಸ್ವಲ್ಪ ಉಳಿತಾಯದ ವಿವರವನ್ನು ಅರ್ಜಿಯಲ್ಲಿ ನಮೂದಿಸಲು ಹಿಂಜರಿಯುತ್ತಾರೆ. ಬ್ಯಾಂಕಿನಲ್ಲಿ ಹಣವಿದೆಯೆಂದು ತಿಳಿಸಿದರೆ ಅರ್ಜಿ ತಿರಸ್ಕೃತವಾಗುವುದೆಂಬ ಭಯ ಕೆಲವರಿಗೆ. ವಿಷಯ ಊರಿನವರ ಬಾಯಿಗೆ ಬೀಳುವುದೆಂಬ ಸಂಕೋಚ ಮತ್ತೆ ಕೆಲವರಿಗೆ. ಇನ್ನೊಂದೆಡೆ, ನೆರವು ಪಡೆಯುವವರ ಮನೆಯಲ್ಲಿ ದೂರದರ್ಶನ ಪೆಟ್ಟಿಗೆ ಅಥವಾ ಮೋಟಾರು ಸೈಕಲ್ ಕಂಡೊಡನೆ "ಇವರಿಗೇಕೆ ಸರ್ಕಾರದ ಹಣ" ಎಂದು ಕೇಳುವ ಪರಿಪಾಠವೂ ಸಮಾಜದಲ್ಲಿ ಬೇರೂರಿದೆ. ಈ ಎರಡೂ ವಿಷಯಗಳ ಬಗ್ಗೆ ಅರ್ಜಿದಾರರಿಗೂ ಸಾರ್ವಜನಿಕರಿಗೂ ಸ್ಪಷ್ಟ ತಿಳಿವಳಿಕೆ ನೀಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಆರಂಭದಲ್ಲಿಯೇ ತಿಳಿಸಬೇಕಾದ ಅಂಶವೆಂದರೆ, ಉಳಿತಾಯ ಮಾಡುವುದು ತಪ್ಪಲ್ಲ. ಅದನ್ನು ಮುಚ್ಚಿಡುವುದು ತಪ್ಪು. ಎಷ್ಟೋ ಪ್ರಕರಣಗಳಲ್ಲಿ ಮುಚ್ಚಿಟ್ಟ ಮೊತ್ತವು ನಿಗದಿತ ಮಿತಿಯ ಒಳಗೇ ಇರುತ್ತದೆ. ನಿಜವನ್ನು ತಿಳಿಸಿದ್ದರೆ ಯಾವ ಬಾಧಕವೂ ಇಲ್ಲದಿದ್ದ ಅರ್ಜಿಯು ಸುಳ್ಳು ಹೇಳಿದ ಕಾರಣದಿಂದಲೇ ಸಂಶಯಕ್ಕೆ ಗುರಿಯಾಗುತ್ತದೆ.

1. ನೆರವಿನ ಹಿನ್ನೆಲೆ

ವೃದ್ಧಾಪ್ಯ, ನಿರುದ್ಯೋಗ, ಅನಾರೋಗ್ಯ ಹಾಗೂ ಅಂಗವೈಕಲ್ಯದ ಸಂದರ್ಭಗಳಲ್ಲಿ ರಾಜ್ಯವು ತನ್ನ ಆರ್ಥಿಕ ಸಾಮರ್ಥ್ಯದ ಪರಿಮಿತಿಯೊಳಗೆ ಸಾರ್ವಜನಿಕ ನೆರವನ್ನು ಒದಗಿಸಬೇಕೆಂದು ಸಂವಿಧಾನದ 41ನೇ ಅನುಚ್ಛೇದವು ನಿರ್ದೇಶಿಸುತ್ತದೆ. ಈ ಆಶಯಕ್ಕೆ ಅನುಗುಣವಾಗಿ ಕೇಂದ್ರ ಸರ್ಕಾರವು 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಜಾರಿಗೆ ತಂದಿತು. ಅದರ ಭಾಗವಾದ ವೃದ್ಧಾಪ್ಯ ವೇತನಕ್ಕೆ 2007ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಯೋಜನೆ ಎಂಬ ಹೆಸರು ಬಂದಿತು. ಅದೇ ವರ್ಷ ಕರ್ನಾಟಕ ಸರ್ಕಾರವು 65 ವರ್ಷ ತುಂಬಿದ ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಹಾಗೂ ಅಸಂಘಟಿತ ವಲಯದ ಇತರ ಕಾರ್ಮಿಕರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಪ್ರಾರಂಭಿಸಿತು.

ಸದರಿ ಯೋಜನೆಯ ಮಾಸಾಶನವು ಆರಂಭದಲ್ಲಿ ರೂ. 400/- ಆಗಿತ್ತು. ಕಾಲಕಾಲಕ್ಕೆ ಪರಿಷ್ಕೃತವಾಗಿ 2021ರಲ್ಲಿ ರೂ. 1,200/- ಕ್ಕೆ ಏರಿತು. ಜೀವಮಾನವಿಡೀ ದುಡಿದೂ ಭವಿಷ್ಯ ನಿಧಿಯಾಗಲೀ ನಿವೃತ್ತಿ ವೇತನವಾಗಲೀ ಇಲ್ಲದವರಿಗೆ ಈ ಯೋಜನೆ ಮೀಸಲು. ಆದುದರಿಂದ ಇದನ್ನು ಭಿಕ್ಷೆಯೆಂದೋ ಬಿಟ್ಟಿ ಹಣವೆಂದೋ ಭಾವಿಸುವುದು ಸರಿಯಲ್ಲ. ಹಾಗೆಯೇ ಇದು ಸಾರ್ವಜನಿಕ ಹಣವೂ ಆಗಿರುವುದರಿಂದ ಅರ್ಹತೆಯನ್ನು ಪರಿಶೀಲಿಸದೆ ಮಂಜೂರು ಮಾಡುವಂತೆಯೂ ಇಲ್ಲ.

2. ಯಾವ ಯೋಜನೆ ಏನನ್ನು ಕೇಳುತ್ತದೆ

ಎಲ್ಲಾ ಯೋಜನೆಗಳಿಗೂ ಒಂದೇ ಮಾನದಂಡವಿದೆಯೆಂಬುದು ಸಾರ್ವಜನಿಕರಲ್ಲಿರುವ ಸಾಮಾನ್ಯ ತಪ್ಪು ಕಲ್ಪನೆ. ವಸ್ತುಸ್ಥಿತಿಯಲ್ಲಿ ಪ್ರತಿಯೊಂದು ಯೋಜನೆಯೂ ತನ್ನದೇ ಆದ ಪ್ರಶ್ನೆಗಳನ್ನು ಕೇಳುತ್ತದೆ.

(ಅ) ಸಂಧ್ಯಾ ಸುರಕ್ಷಾ ಯೋಜನೆ: 2007ರ ಷರತ್ತುಗಳ ಪ್ರಕಾರ ಅರ್ಜಿದಾರರು ಮತ್ತು ಅವರ ಪತಿ ಅಥವಾ ಪತ್ನಿಯ ಒಟ್ಟು ವಾರ್ಷಿಕ ಆದಾಯ ರೂ. 20,000/- ಮೀರಿರಬಾರದು. ಈ ಆದಾಯ ಮಿತಿಯನ್ನು ಬಳಿಕ ರೂ. 32,000/- ಕ್ಕೆ ಪರಿಷ್ಕರಿಸಲಾಯಿತು. ಆದಾಯದ ಜೊತೆಗೆ, ಠೇವಣಿಯ ಮೌಲ್ಯ ರೂ. 10,000/- ಮೀರಿರಬಾರದೆಂಬ ಷರತ್ತನ್ನೂ ವಿಧಿಸಲಾಗಿದೆ. ಅರ್ಜಿದಾರರು ಬೇರೆ ಯಾವುದೇ ಸಾಮಾಜಿಕ ಭದ್ರತಾ ಪಿಂಚಣಿಯನ್ನು ಪಡೆಯುತ್ತಿರಬಾರದು. ಅಂದರೆ ಇಲ್ಲಿ ಉಳಿತಾಯದ ಪ್ರಶ್ನೆ ನೇರವಾಗಿಯೇ ಬರುತ್ತದೆ.

(ಆ) ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ: ಇದು ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ, 60 ವರ್ಷ ತುಂಬಿದ ಹಿರಿಯರಿಗೆ ಸಂಬಂಧಿಸಿದ್ದು. ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ ರೂ. 200/- ಹಾಗೂ 80 ವರ್ಷ ತುಂಬಿದವರಿಗೆ ರೂ. 500/- ಇದ್ದು, ಅದರ ಮೇಲೆ ರಾಜ್ಯ ಸರ್ಕಾರವು ತನ್ನ ಪಾಲನ್ನು ಸೇರಿಸಿ ಪಾವತಿಸುತ್ತದೆ.

(ಇ) ಆದ್ಯತಾ ಪಡಿತರ ಚೀಟಿ: ಕುಟುಂಬದ ವಾರ್ಷಿಕ ಆದಾಯ ರೂ. 1.20 ಲಕ್ಷದ ಮಿತಿ, ಜಮೀನಿನ ವಿಸ್ತೀರ್ಣ, ನಗರ ಪ್ರದೇಶದಲ್ಲಿ 1,000 ಚದರ ಅಡಿಗಿಂತ ಹೆಚ್ಚಿನ ಪಕ್ಕಾ ಮನೆ, ಜೀವನೋಪಾಯಕ್ಕಾಗಿ ಓಡಿಸುವ ಒಂದು ವಾಹನವನ್ನು ಹೊರತುಪಡಿಸಿ ನಾಲ್ಕು ಚಕ್ರದ ವಾಹನ, ಆದಾಯ ತೆರಿಗೆ ಪಾವತಿ ಹಾಗೂ ಸರ್ಕಾರಿ ನೌಕರಿ ಇವು ಇಲ್ಲಿ ಪರಿಗಣಿತವಾಗುವ ಮುಖ್ಯ ಅಂಶಗಳು.

(ಈ) ಗೃಹಲಕ್ಷ್ಮಿ ಯೋಜನೆ: 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯಡಿ ಕುಟುಂಬದ ಯಜಮಾನಿಗೆ ತಿಂಗಳಿಗೆ ರೂ. 2,000/- ನಿಗದಿಯಾಗಿದೆ. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಅಥವಾ ಸರಕು ಮತ್ತು ಸೇವಾ ತೆರಿಗೆಯ ವಿವರ ಪಟ್ಟಿ ಸಲ್ಲಿಸುವವರಾಗಿದ್ದರೆ ಸೌಲಭ್ಯ ದೊರೆಯುವುದಿಲ್ಲ.

ಮೇಲ್ಕಂಡ ಪಟ್ಟಿಯನ್ನು ಗಮನಿಸಿದಲ್ಲಿ ಒಂದು ಅಂಶ ಸ್ಪಷ್ಟವಾಗುತ್ತದೆ. ದೂರದರ್ಶನ ಪೆಟ್ಟಿಗೆ, ಶೀತಕ ಪೆಟ್ಟಿಗೆ, ಮೊಬೈಲ್ ಫೋನ್, ಮಗನ ಮೋಟಾರು ಸೈಕಲ್, ಕಿವಿಯ ಓಲೆ ಇವುಗಳಲ್ಲಿ ಯಾವುದೊಂದೂ ಈ ಮಾನದಂಡಗಳಲ್ಲಿ ಇಲ್ಲ. ಆದರೆ ಊರಿನ ಕಟ್ಟೆಯ ಮೇಲೆ ನಡೆಯುವ ವಿಚಾರಣೆಯಲ್ಲಿ ಮೊದಲು ಕೇಳಿಬರುವುದು ಇವುಗಳೇ.

3. ಹತ್ತು ಸಾವಿರ ರೂಪಾಯಿಯ ಲೆಕ್ಕ

ಉಳಿತಾಯದ ಮಿತಿಯನ್ನು ಅರ್ಜಿದಾರರು ಅಂಕಿಗಳ ಮೂಲಕ ಅರ್ಥಮಾಡಿಕೊಳ್ಳುವುದು ಉಪಯುಕ್ತ. ಯೋಜನೆ ಆರಂಭವಾದಾಗ ಮಾಸಾಶನ ರೂ. 400/- ಇದ್ದುದರಿಂದ ರೂ. 10,000/- ಎಂಬುದು 25 ತಿಂಗಳ ಮಾಸಾಶನಕ್ಕೆ ಸಮನಾಗಿತ್ತು. ಮಾಸಾಶನ ರೂ. 1,200/- ಆದ ಬಳಿಕ ಅದೇ ಮೊತ್ತವು ಎಂಟು ತಿಂಗಳಿಗಿಂತ ತುಸು ಹೆಚ್ಚಿನ ಅವಧಿಯ ಮಾಸಾಶನವಷ್ಟೆ.

ಇದರ ಪರಿಣಾಮವನ್ನು ಎರಡು ರೀತಿಯಲ್ಲಿ ನೋಡಬಹುದು. ಮೊದಲನೆಯದಾಗಿ, ಫಲಾನುಭವಿಯೊಬ್ಬರು ಪ್ರತಿ ತಿಂಗಳೂ ಮಾಸಾಶನದಲ್ಲಿ ರೂ. 300/- ಉಳಿಸಿದರೆ 34ನೇ ತಿಂಗಳಿಗೆ ಅವರ ಖಾತೆಯಲ್ಲಿ ರೂ. 10,200/- ಇರುತ್ತದೆ. ಎರಡನೆಯದಾಗಿ, ಯಾವುದೋ ತಾಂತ್ರಿಕ ಕಾರಣದಿಂದ ಒಂಬತ್ತು ತಿಂಗಳ ಮಾಸಾಶನ ಬಾಕಿ ಉಳಿದು ಒಮ್ಮೆಗೇ ಜಮೆಯಾದಲ್ಲಿ ಅಂದಿನ ಶಿಲ್ಕು ರೂ. 10,800/- ಆಗುತ್ತದೆ. ಗೃಹಲಕ್ಷ್ಮಿಯ ಹಣವೂ ಅದೇ ಖಾತೆಗೆ ಬರುತ್ತಿದ್ದರೆ ಮೊತ್ತ ಇನ್ನೂ ಬೇಗ ಏರುತ್ತದೆ. ಈ ಯಾವ ಸಂದರ್ಭದಲ್ಲಿಯೂ ಫಲಾನುಭವಿಯು ಶ್ರೀಮಂತರಾಗಿರುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ಪಾಲಿಸಿದವರು ಅಥವಾ ಪಾವತಿ ವಿಳಂಬಕ್ಕೆ ಒಳಗಾದವರು ಮಾತ್ರ. ಹೀಗಾಗಿ ಪಾಸ್ ಪುಸ್ತಕದ ಕೊನೆಯ ಸಾಲನ್ನಷ್ಟೇ ನೋಡದೆ, ಹಣ ಎಲ್ಲಿಂದ, ಯಾವಾಗ, ಯಾವ ಬಾಬ್ತಿನಲ್ಲಿ ಜಮೆಯಾಯಿತೆಂಬುದನ್ನು ನೋಡುವುದು ಅವಶ್ಯಕ. ಅರ್ಜಿದಾರರೂ ಈ ವಿವರವನ್ನು ತಾವಾಗಿಯೇ ಹೇಳಬೇಕು.

ಉಳಿತಾಯಕ್ಕೆ ಮಿತಿ ವಿಧಿಸುವ ಕ್ರಮ ನಮ್ಮ ರಾಜ್ಯಕ್ಕೆ ಮಾತ್ರ ಸೀಮಿತವಲ್ಲ. ಬ್ರಿಟನ್ನಿನಲ್ಲಿ ದುಡಿಯುವ ವಯಸ್ಸಿನವರಿಗೆ ನೀಡುವ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವಿನಲ್ಲಿ 6,000 ಪೌಂಡ್‌ವರೆಗಿನ ಉಳಿತಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 16,000 ಪೌಂಡ್ ಮೀರಿದರೆ ನೆರವಿಲ್ಲ. ಇವೆರಡರ ನಡುವಿನ ಮೊತ್ತಕ್ಕೆ ಅನುಗುಣವಾಗಿ ನೆರವು ಹಂತಹಂತವಾಗಿ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಬಡ ವೃದ್ಧರಿಗೆ ಮತ್ತು ಅಂಗವಿಕಲರಿಗೆ ನೀಡುವ ಪೂರಕ ಭದ್ರತಾ ಆದಾಯಕ್ಕೆ ಒಬ್ಬ ವ್ಯಕ್ತಿಯ ಸಂಪನ್ಮೂಲ ಮಿತಿ 1989ರಿಂದ 2,000 ಡಾಲರ್‌ನಲ್ಲಿಯೇ ನಿಂತಿದೆ. ಮಿತಿ ಬಹಳ ಕಾಲ ಬದಲಾಗದೆ ಉಳಿದಾಗ, ಬೆಲೆಗಳು ಏರಿದಂತೆಲ್ಲ ಅದು ತಾನಾಗಿಯೇ ಬಿಗಿಯಾಗುತ್ತಾ ಹೋಗುತ್ತದೆ. ಮಿತಿಯ ಅಂಚಿನಲ್ಲಿರುವವರು ಆಗ ಉಳಿತಾಯವನ್ನೇ ಕೈಬಿಡುವ ಅಥವಾ ಅದನ್ನು ಮುಚ್ಚಿಡುವ ದಾರಿ ಹಿಡಿಯುವ ಸಂಭವವಿರುತ್ತದೆ. ಮಿತಿಯನ್ನು ಪರಿಷ್ಕರಿಸುವುದು ಸರ್ಕಾರದ ನೀತಿಗೆ ಸಂಬಂಧಿಸಿದ ವಿಷಯ. ಪರಿಷ್ಕರಣೆಯಾಗುವವರೆಗೆ ಜಾರಿಯಲ್ಲಿರುವ ಷರತ್ತನ್ನು ಅರ್ಜಿದಾರರೂ ಅಧಿಕಾರಿಗಳೂ ಪಾಲಿಸಬೇಕಾಗುತ್ತದೆ.

4. ಉಳಿತಾಯವನ್ನು ಏಕೆ ಮುಚ್ಚಿಡಲಾಗುತ್ತದೆ

ಮುಚ್ಚಿಟ್ಟವರೆಲ್ಲರೂ ವಂಚಕರೆಂದು ತೀರ್ಮಾನಿಸುವುದು ವಾಸ್ತವಕ್ಕೆ ದೂರವಾದುದು. ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಇಂತಿವೆ.

ಮೊದಲನೆಯ ಕಾರಣ ಕುಟುಂಬ. ವಯಸ್ಸಾದವರು, ವಿಶೇಷವಾಗಿ ಮಹಿಳೆಯರು, ತಮ್ಮಲ್ಲಿರುವ ಹಣದ ವಿಷಯವನ್ನು ಮಕ್ಕಳಿಗೂ ಸೊಸೆಯಂದಿರಿಗೂ ತಿಳಿಸಿರುವುದಿಲ್ಲ. ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ, ಸ್ತ್ರೀಶಕ್ತಿ ಸಂಘದ ಉಳಿತಾಯದಲ್ಲಿ ಕೂಡಿಟ್ಟ ಹಣ ಆಸ್ಪತ್ರೆಯ ಖರ್ಚಿಗೋ ಮೊಮ್ಮಗಳ ಮದುವೆಗೋ ತಮ್ಮ ಅಂತ್ಯಸಂಸ್ಕಾರಕ್ಕೋ ಎಂದು ಎತ್ತಿಟ್ಟದ್ದಾಗಿರುತ್ತದೆ. ತಾನು ತೀರಿಕೊಂಡಾಗ ಯಾರ ಮುಂದೆಯೂ ಕೈಯೊಡ್ಡುವಂತಾಗಬಾರದೆಂಬ ಸ್ವಾಭಿಮಾನ ಇದರ ಹಿಂದಿದೆ. 2016ರ ನವೆಂಬರ್ 8ರಂದು ರೂ. 500 ಮತ್ತು ರೂ. 1,000 ಮುಖಬೆಲೆಯ ನೋಟುಗಳ ಚಲಾವಣೆ ರದ್ದಾದಾಗ ಇಂತಹ ಗುಟ್ಟಿನ ಉಳಿತಾಯ ಒಮ್ಮೆಗೇ ಹೊರಬರಬೇಕಾಯಿತು. ಗೃಹಿಣಿಯರೇ ಮೊದಲಾದವರು ಖಾತೆಗೆ ಕಟ್ಟುವ ರೂ. 2.5 ಲಕ್ಷದವರೆಗಿನ ಮೊತ್ತವನ್ನು ಆದಾಯ ತೆರಿಗೆ ಇಲಾಖೆ ಪ್ರಶ್ನಿಸುವುದಿಲ್ಲವೆಂದು ಕೇಂದ್ರ ಸರ್ಕಾರವು ಆಗ ಸ್ಪಷ್ಟಪಡಿಸಬೇಕಾಯಿತು. ಬಡವರ ಮನೆಯಲ್ಲಿ ಸಿಕ್ಕ ಹಣವೆಲ್ಲ ಕಪ್ಪುಹಣವಲ್ಲವೆಂಬುದನ್ನು ಆ ಸಂದರ್ಭವು ತೋರಿಸಿತು.

ಎರಡನೆಯ ಕಾರಣ ಮಧ್ಯವರ್ತಿಗಳು. ಅರ್ಜಿ ಬರೆದುಕೊಡುವ ಕೆಲವರು "ಖಾತೆಯಲ್ಲಿ ಏನೂ ಇಲ್ಲವೆಂದು ಬರೆದರೆ ಬೇಗ ಆಗುತ್ತದೆ" ಎಂದು ಸಲಹೆ ನೀಡಿ, ಅರ್ಜಿದಾರರನ್ನು ಕೇಳದೆಯೇ ಆ ಅಂಕಣದಲ್ಲಿ "ಇಲ್ಲ" ಎಂದು ತುಂಬುತ್ತಾರೆ. ಹೆಬ್ಬೆಟ್ಟು ಒತ್ತಿದವರಿಗೆ ಒಳಗೆ ಏನು ಬರೆದಿದೆಯೆಂಬುದೇ ತಿಳಿದಿರುವುದಿಲ್ಲ. ಆದರೆ ಘೋಷಣೆಯ ಹೊಣೆ ಬೀಳುವುದು ಅವರ ಮೇಲೆಯೇ.

ಮೂರನೆಯ ಕಾರಣ ತಿಳಿವಳಿಕೆಯ ಕೊರತೆ. ಸಹಕಾರ ಸಂಘದ ಠೇವಣಿ, ಅಂಚೆ ಕಚೇರಿಯ ಖಾತೆ, ಮಗನೊಂದಿಗೆ ಇರುವ ಜಂಟಿ ಖಾತೆ ಇವೂ ಉಳಿತಾಯವೇ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ.

ನಾಲ್ಕನೆಯ ಕಾರಣ ಜನರ ಮಾತು. ಇದನ್ನು ಪ್ರತ್ಯೇಕವಾಗಿ ವಿವರಿಸುವುದು ಸೂಕ್ತ.

5. ಜನಾಭಿಪ್ರಾಯ ಮತ್ತು ನಿಯಮ

ನೆರವು ಪಡೆಯುವವರು ಹೀಗೆಯೇ ಇರಬೇಕೆಂಬ ಒಂದು ಚಿತ್ರ ಸಮಾಜದ ಮನಸ್ಸಿನಲ್ಲಿದೆ. ಅವರ ಬಟ್ಟೆ ಹರಿದಿರಬೇಕು, ಮನೆ ಸೋರುತ್ತಿರಬೇಕು, ಕೈಯಲ್ಲಿ ಕಾಸು ಇರಬಾರದು. ಈ ಚಿತ್ರಕ್ಕೆ ಹೊಂದದವರು ಕಂಡರೆ ಅವರನ್ನು ಅನರ್ಹರೆಂದು ಬಗೆಯಲಾಗುತ್ತದೆ. 2021ರ ಫೆಬ್ರವರಿಯಲ್ಲಿ ದೂರದರ್ಶನ ಪೆಟ್ಟಿಗೆ, ಶೀತಕ ಪೆಟ್ಟಿಗೆ ಅಥವಾ ಮೋಟಾರು ಸೈಕಲ್ ಇರುವವರು ಪಡಿತರ ಚೀಟಿಯನ್ನು ಹಿಂದಿರುಗಿಸಬೇಕೆಂಬ ಮಾತು ರಾಜ್ಯದಲ್ಲಿ ಕೇಳಿಬಂದು, ಸಾರ್ವಜನಿಕ ವಿರೋಧದ ನಂತರ ಅದನ್ನು ಕೈಬಿಡಲಾಯಿತು. 2024ರ ನವೆಂಬರ್‌ನಲ್ಲಿ ಅನರ್ಹ ಪಡಿತರ ಚೀಟಿಗಳ ಪರಿಶೀಲನೆಯ ಸಂದರ್ಭದಲ್ಲಿ ಅರ್ಹರ ಚೀಟಿಗಳೂ ರದ್ದಾದವೆಂಬ ದೂರುಗಳು ಬಂದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಹೊರತುಪಡಿಸಿ ಉಳಿದವರ ಚೀಟಿಗಳನ್ನು ರದ್ದುಪಡಿಸುವುದಿಲ್ಲವೆಂದು ಸರ್ಕಾರವು ಪ್ರಕಟಿಸಿತು. ಕಣ್ಣಿಗೆ ಕಾಣುವ ವಸ್ತುಗಳಿಂದಾಗಲೀ ಅವಸರದ ಪಟ್ಟಿಗಳಿಂದಾಗಲೀ ಬಡತನವನ್ನು ಅಳೆಯುವುದು ಕಠಿಣವೆಂಬುದು ಈ ಎರಡೂ ಸಂದರ್ಭಗಳಿಂದ ವ್ಯಕ್ತವಾಗುತ್ತದೆ.

ಕಂತಿನಲ್ಲಿ ಕೊಂಡ ಮೋಟಾರು ಸೈಕಲ್ ಮಗನ ಕೂಲಿ ಕೆಲಸಕ್ಕೆ ಬೇಕಾದ ಸಾಧನವಾಗಿರಬಹುದು. ದೂರದರ್ಶನ ಪೆಟ್ಟಿಗೆ ಯಾರೋ ಕೊಟ್ಟದ್ದಾಗಿರಬಹುದು. ಕಿವಿಯ ಓಲೆ ತವರಿನದಾಗಿರಬಹುದು. ವ್ಯತಿರಿಕ್ತವಾಗಿ, ಹಳೆಯ ಹಂಚಿನ ಮನೆಯಲ್ಲಿದ್ದುಕೊಂಡು ದೊಡ್ಡ ಮೊತ್ತದ ಠೇವಣಿ ಇಟ್ಟವರೂ ಇರಬಹುದು. ಆದುದರಿಂದ ಹೊರನೋಟವು ಅರ್ಹತೆಯ ಪುರಾವೆಯೂ ಅಲ್ಲ, ಅನರ್ಹತೆಯ ಪುರಾವೆಯೂ ಅಲ್ಲ. ಅನರ್ಹರು ನೆರವು ಪಡೆಯುವುದರಿಂದ ಸಾರ್ವಜನಿಕ ಹಣಕ್ಕೆ ನಷ್ಟವಾಗುವುದು ನಿಜ. ಅಷ್ಟೇ ನಿಜವಾದ ಇನ್ನೊಂದು ನಷ್ಟವೂ ಇದೆ. ಜನರ ಮಾತಿಗೆ ಅಂಜಿ ಅರ್ಜಿಯನ್ನೇ ಹಾಕದ ಅರ್ಹರ ಲೆಕ್ಕ ಯಾವ ಕಡತದಲ್ಲಿಯೂ ಸಿಗುವುದಿಲ್ಲ.

6. ಒಂದು ಮಾದರಿ ಪ್ರಕರಣ

ವಿಷಯವನ್ನು ಸ್ಪಷ್ಟಪಡಿಸುವ ಸಲುವಾಗಿ ಒಂದು ಮಾದರಿ ಪ್ರಕರಣವನ್ನು ಇಲ್ಲಿ ನೀಡಲಾಗಿದೆ.

ಎಪ್ಪತ್ತು ವರ್ಷದ ಕೈಮಗ್ಗ ನೇಕಾರರೊಬ್ಬರು ಕಣ್ಣು ಮಂಜಾಗಿ ಮಗ್ಗ ಬಿಟ್ಟ ನಂತರ ಸಂಧ್ಯಾ ಸುರಕ್ಷಾ ಯೋಜನೆಗೆ ಅರ್ಜಿ ಸಲ್ಲಿಸುತ್ತಾರೆ. ಅರ್ಜಿಯನ್ನು ತುಂಬಿದ ಮಧ್ಯವರ್ತಿ ಠೇವಣಿಯ ಅಂಕಣದಲ್ಲಿ "ಇಲ್ಲ" ಎಂದು ಬರೆಯುತ್ತಾನೆ. ವಾಸ್ತವವಾಗಿ ಅವರ ಹೆಸರಿನಲ್ಲಿ ಊರಿನ ಸಹಕಾರ ಸಂಘದಲ್ಲಿ ರೂ. 7,000/- ಇರುತ್ತದೆ. ಅದು ತಮ್ಮ ಮತ್ತು ಪತ್ನಿಯ ಅಂತ್ಯಸಂಸ್ಕಾರಕ್ಕೆಂದು ಇಟ್ಟದ್ದು, ಮಗನಿಗೂ ಗೊತ್ತಿಲ್ಲ. ಪಿಂಚಣಿ ಮಂಜೂರಾಗುತ್ತದೆ. ವರ್ಷದ ನಂತರ ಅವರ ಮನೆಯಲ್ಲಿ ದೂರದರ್ಶನ ಪೆಟ್ಟಿಗೆ ಹಾಗೂ ಮೋಟಾರು ಸೈಕಲ್ ಇದೆಯೆಂದು ಯಾರೋ ದೂರು ನೀಡುತ್ತಾರೆ. ಪರಿಶೀಲನೆಗೆ ಬಂದ ಗ್ರಾಮ ಆಡಳಿತಾಧಿಕಾರಿಗಳು ಆ ವಸ್ತುಗಳಿಗೂ ಅರ್ಹತೆಗೂ ಸಂಬಂಧವಿಲ್ಲವೆಂದು ವರದಿ ಮಾಡುತ್ತಾರೆ. ಆದರೆ ಅದೇ ವೇಳೆ ಸಹಕಾರ ಸಂಘದ ಠೇವಣಿ ಬೆಳಕಿಗೆ ಬರುತ್ತದೆ.

ರೂ. 7,000/- ಎಂಬುದು ಮಿತಿಯ ಒಳಗಿನ ಮೊತ್ತ. ಅದನ್ನು ಮೊದಲೇ ನಮೂದಿಸಿದ್ದರೆ ಅರ್ಜಿಗೆ ಕಿಂಚಿತ್ತೂ ತೊಂದರೆಯಿರಲಿಲ್ಲ. ಆದರೆ "ಇಲ್ಲ" ಎಂದು ಬರೆದುದರಿಂದ, ಒಂದು ಅಂಕಣ ಸುಳ್ಳಾದರೆ ಉಳಿದವು ನಿಜವೇ ಎಂಬ ಪ್ರಶ್ನೆ ಏಳುತ್ತದೆ. ಆದಾಯದ ಮರುಪರಿಶೀಲನೆ, ಹೇಳಿಕೆ, ವರದಿ ಇವೆಲ್ಲ ಮುಗಿಯುವವರೆಗೆ ನಾಲ್ಕು ತಿಂಗಳ ಕಾಲ ಪಾವತಿ ನಿಲ್ಲುತ್ತದೆ. ಆ ಅವಧಿಯಲ್ಲಿ ಅಕ್ಕಿ ಬೇಳೆಯ ಹೊರತಾದ ದಿನಸಿಗೂ ಕಣ್ಣಿನ ಔಷಧಿಗೂ ಅವರು ಠೇವಣಿಯನ್ನೇ ತೆಗೆಯಬೇಕಾಗುತ್ತದೆ. ಕೊನೆಗೆ ಅವರು ಅರ್ಹರೆಂದೇ ತೀರ್ಮಾನವಾಗಿ ಪಿಂಚಣಿ ಮುಂದುವರಿಯುತ್ತದೆ. ಆದರೆ ಸಾವಿನ ದಿನಕ್ಕೆಂದು ಇಟ್ಟ ಹಣವು ವಿಚಾರಣೆಯ ದಿನಗಳಲ್ಲಿ ಕರಗಿರುತ್ತದೆ. ದೂರು ಕೊಟ್ಟವರ ಊಹೆ, ಮಧ್ಯವರ್ತಿಯ ಸುಳ್ಳು ಮತ್ತು ಅರ್ಜಿದಾರರ ಮೌನ ಈ ಮೂರೂ ಸೇರಿ ಆದ ಹಾನಿಯಿದು. ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಇಷ್ಟು ಆಗುತ್ತಿರಲಿಲ್ಲ.

7. ವಿವರ ನೀಡುವಾಗ ಪಾಲಿಸಬೇಕಾದ ಕ್ರಮ

ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಳ್ಳಬೇಕೆಂದು ಕೋರಲಾಗಿದೆ.

1) ಅರ್ಜಿಯನ್ನು ತಮ್ಮ ವ್ಯಾಪ್ತಿಯ ನಾಡಕಚೇರಿಯಲ್ಲಿ ಸಲ್ಲಿಸಿ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆಯುವುದು. ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕುವ ಮುನ್ನ ಅರ್ಜಿಯನ್ನು ನಂಬಿಕಸ್ಥರಿಂದ ಪೂರ್ತಿಯಾಗಿ ಓದಿಸಿ ಕೇಳುವುದು.

2) ಬ್ಯಾಂಕ್, ಅಂಚೆ ಕಚೇರಿ, ಸಹಕಾರ ಸಂಘ, ಸ್ವಸಹಾಯ ಸಂಘ ಎಲ್ಲಿಯೇ ಆಗಲಿ ತಮ್ಮ ಹೆಸರಿನಲ್ಲಿರುವ ಮೊತ್ತವನ್ನು ತಿಳಿಸುವುದು. ಅದು ಮಿತಿಯ ಲೆಕ್ಕಕ್ಕೆ ಬರುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಕೆಲಸ ಅಧಿಕಾರಿಯದು. ತಿಳಿಸುವ ಹೊಣೆ ಅರ್ಜಿದಾರರದು.

3) ಜಂಟಿ ಖಾತೆಯಿದ್ದಲ್ಲಿ ಅದರಲ್ಲಿ ಯಾರ ಹಣ ಎಷ್ಟೆಂಬುದನ್ನು ವಿವರಿಸುವುದು. ಮಗನ ಸಂಬಳ, ಹಾಲಿನ ಹಣ, ಬೇರೆಯವರ ಚೀಟಿ ಹಣ ಇವುಗಳನ್ನು ಪಿಂಚಣಿಯ ಖಾತೆಗೆ ಜಮೆ ಮಾಡಿಸದಿರುವುದು. ಪಿಂಚಣಿಗೆಂದೇ ಪ್ರತ್ಯೇಕ ಖಾತೆಯಿದ್ದರೆ ಒಳಿತು. 2014ರಲ್ಲಿ ಆರಂಭವಾದ ಜನಧನ ಯೋಜನೆಯಡಿ ಕನಿಷ್ಠ ಶಿಲ್ಕು ಇಲ್ಲದೆಯೇ ಖಾತೆ ತೆರೆಯಬಹುದು.

4) ಬಾಕಿ ಪಿಂಚಣಿ, ಬೆಳೆ ಪರಿಹಾರ, ವಿಮೆ ಮುಂತಾದ ಒಂದೇ ಬಾರಿಯ ಹಣ ಜಮೆಯಾದಲ್ಲಿ ಆ ದಿನಾಂಕ ಮತ್ತು ಬಾಬ್ತನ್ನು ಬ್ಯಾಂಕಿನಿಂದ ಪಾಸ್ ಪುಸ್ತಕದಲ್ಲಿ ಮುದ್ರಿಸಿಕೊಳ್ಳುವುದು. ಆಸ್ಪತ್ರೆಯಂತಹ ದೊಡ್ಡ ಖರ್ಚುಗಳ ರಸೀದಿಗಳನ್ನು ಇಟ್ಟುಕೊಳ್ಳುವುದು.

5) ಹಿಂದೆ ನೀಡಿದ ವಿವರದಲ್ಲಿ ತಪ್ಪಾಗಿದ್ದರೆ ಅಥವಾ ಪರಿಸ್ಥಿತಿ ಬದಲಾಗಿದ್ದರೆ, ಯಾರಾದರೂ ದೂರು ನೀಡುವವರೆಗೆ ಕಾಯದೆ, ತಾವೇ ಲಿಖಿತವಾಗಿ ತಹಶೀಲ್ದಾರರ ಕಚೇರಿಗೆ ತಿಳಿಸಿ ಸ್ವೀಕೃತಿ ಪಡೆಯುವುದು. ತಾನಾಗಿ ಬಂದು ಹೇಳಿದವರನ್ನೂ ಸಿಕ್ಕಿಬಿದ್ದ ನಂತರ ಒಪ್ಪಿಕೊಂಡವರನ್ನೂ ಯಾರೂ ಒಂದೇ ದೃಷ್ಟಿಯಿಂದ ನೋಡುವುದಿಲ್ಲ.

6) ಠೇವಣಿಯನ್ನು ಮಿತಿಯೊಳಗೆ ತೋರಿಸುವ ಸಲುವಾಗಿ ಹಣವನ್ನು ನೆಂಟರ ಹೆಸರಿಗೆ ವರ್ಗಾಯಿಸದಿರುವುದು. ಇದರಿಂದ ನಿಯಮದ ಉಲ್ಲಂಘನೆಯಾಗುವುದಲ್ಲದೆ, ವರ್ಗಾಯಿಸಿದ ಹಣವೇ ಕೈತಪ್ಪಿಹೋಗುವ ಅಪಾಯವೂ ಇದೆ.

8. ದೂರು ನೀಡುವವರ ಗಮನಕ್ಕೆ

ಅನರ್ಹರು ಸೌಲಭ್ಯ ಪಡೆಯುತ್ತಿರುವ ಖಚಿತ ಮಾಹಿತಿಯಿದ್ದಲ್ಲಿ ಅದನ್ನು ತಿಳಿಸುವುದು ನಾಗರಿಕರ ಹಕ್ಕು. ಆದರೆ ದೂರಿನಲ್ಲಿ ಯೋಜನೆಯ ಯಾವ ಷರತ್ತು ಉಲ್ಲಂಘನೆಯಾಗಿದೆಯೆಂಬುದು ಇರಬೇಕು. "ಅವರು ಚೆನ್ನಾಗಿದ್ದಾರೆ" ಎಂಬುದು ದೂರಲ್ಲ. ಸುಳ್ಳು ವಿವರ ನೀಡಿ ನೆರವು ಪಡೆದಲ್ಲಿ ಮಂಜೂರಾತಿ ರದ್ದತಿ ಮತ್ತು ಪಡೆದ ಮೊತ್ತದ ವಸೂಲಾತಿಗೆ ಗುರಿಯಾಗಬೇಕಾಗುವುದಲ್ಲದೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಪ್ರಕರಣದಡಿ ವಂಚನೆಯ ಆರೋಪವನ್ನೂ ಎದುರಿಸಬೇಕಾಗಬಹುದು. ಅದೇ ಸಂಹಿತೆಯ 217ನೇ ಪ್ರಕರಣವು ಇನ್ನೊಬ್ಬರಿಗೆ ತೊಂದರೆಯಾಗಲೆಂದು ಸರ್ಕಾರಿ ನೌಕರರಿಗೆ ತಿಳಿದೂ ಸುಳ್ಳು ಮಾಹಿತಿ ನೀಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಕಾನೂನು ಎರಡೂ ಕಡೆಗೆ ಅನ್ವಯಿಸುತ್ತದೆಂಬುದನ್ನು ದಯವಿಟ್ಟು ಗಮನಿಸುವುದು.

ಫಲಾನುಭವಿಗೆ ತನ್ನ ಅಹವಾಲನ್ನು ಹೇಳಿಕೊಳ್ಳಲು ಅವಕಾಶ ನೀಡದೆ ಪಿಂಚಣಿಯನ್ನು ರದ್ದುಪಡಿಸುವುದು ಸಹಜ ನ್ಯಾಯದ ತತ್ತ್ವಕ್ಕೆ ವಿರುದ್ಧವಾದುದು. ನೋಟೀಸು ಬಂದಲ್ಲಿ ಹೆದರಿ ಮನೆಯಲ್ಲಿ ಕುಳಿತುಕೊಳ್ಳದೆ, ಪಾಸ್ ಪುಸ್ತಕ ಹಾಗೂ ದಾಖಲೆಗಳೊಂದಿಗೆ ನಿಗದಿತ ದಿನದಂದು ಹಾಜರಾಗುವುದು.

9. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಖಾತೆಯಲ್ಲಿ ಹಣವಿದ್ದರೆ ಅರ್ಜಿ ತಾನಾಗಿಯೇ ತಿರಸ್ಕೃತವಾಗುವುದೇ?
ಉತ್ತರ: ಇಲ್ಲ. ಮಿತಿಯೊಳಗಿನ ಮೊತ್ತ ಅರ್ಹತೆಗೆ ಬಾಧಕವಲ್ಲ. ಮಿತಿ ಮೀರಿದಂತೆ ಕಂಡಲ್ಲಿ ಹಣದ ಮೂಲವನ್ನು ವಿವರಿಸುವುದು.

ಪ್ರಶ್ನೆ: ನನ್ನ ಉಳಿತಾಯದ ವಿವರ ಊರಿನವರಿಗೆ ತಿಳಿಯುವುದೇ?
ಉತ್ತರ: ಫಲಾನುಭವಿಗಳ ಪಟ್ಟಿ ಸಾರ್ವಜನಿಕ ದಾಖಲೆ. ಆದರೆ ಒಬ್ಬರ ಬ್ಯಾಂಕ್ ಶಿಲ್ಕು ವೈಯಕ್ತಿಕ ಮಾಹಿತಿ. ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 8(1)(ಜೆ) ವೈಯಕ್ತಿಕ ಮಾಹಿತಿಗೆ ರಕ್ಷಣೆ ಒದಗಿಸುತ್ತದೆ. ನೆರೆಹೊರೆಯವರು ನಿಮ್ಮ ಪಾಸ್ ಪುಸ್ತಕವನ್ನು ತೋರಿಸೆಂದು ಕೇಳುವಂತಿಲ್ಲ.

ಪ್ರಶ್ನೆ: ಮಗ ದುಡಿಯುತ್ತಿದ್ದಾನೆ, ಆದರೆ ನನ್ನನ್ನು ನೋಡಿಕೊಳ್ಳುತ್ತಿಲ್ಲ. ಏನು ಮಾಡಬೇಕು?
ಉತ್ತರ: ಈ ಸಂಗತಿಯನ್ನು ಅರ್ಜಿಯ ಪರಿಶೀಲನೆಯ ವೇಳೆ ಅಧಿಕಾರಿಗೆ ತಿಳಿಸುವುದು. ಇದಲ್ಲದೆ ತಂದೆ ತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮ, 2007ರಡಿ ಮಕ್ಕಳಿಂದ ಜೀವನಾಂಶ ಕೋರಲು ಅವಕಾಶವಿದೆ.

ಪ್ರಶ್ನೆ: ನಿಗದಿತ ಅವಧಿಯಲ್ಲಿ ಅರ್ಜಿ ವಿಲೇವಾರಿಯಾಗದಿದ್ದರೆ?
ಉತ್ತರ: ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಡಿ, ಅಂದರೆ ಸಕಾಲ ಯೋಜನೆಯಡಿ, ಸ್ವೀಕೃತಿ ಪತ್ರದಲ್ಲಿರುವ ಜಿ.ಎಸ್.ಸಿ. ಸಂಖ್ಯೆಯನ್ನು ನಮೂದಿಸಿ ಮೇಲ್ಮನವಿ ಸಲ್ಲಿಸಬಹುದು.

ಪ್ರಶ್ನೆ: ಕಚೇರಿಗೆ ಬರಲು ಸಾಧ್ಯವಾಗದ ಹಿರಿಯರು ಎಲ್ಲಿ ವಿಚಾರಿಸಬಹುದು?
ಉತ್ತರ: ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಉಚಿತವಾಗಿದೆ. ಗ್ರಾಮ ಆಡಳಿತಾಧಿಕಾರಿಗಳನ್ನೂ ಸಂಪರ್ಕಿಸಬಹುದು.

10. ಕೊನೆಯದಾಗಿ

ಅರ್ಜಿಯಲ್ಲಿನ ಉಳಿತಾಯದ ಅಂಕಣವು ಅರ್ಜಿದಾರರನ್ನು ಸಿಕ್ಕಿಸುವ ಬಲೆಯಲ್ಲ. ಸಾರ್ವಜನಿಕ ಹಣ ಯಾರಿಗೆ ತಲುಪುತ್ತಿದೆಯೆಂದು ತಿಳಿಯುವ ಒಂದು ಸಾಧನ ಮಾತ್ರ. ಅದನ್ನು ನಿಜದಿಂದ ತುಂಬಿದವರು ಮುಂದೆ ಯಾವ ದೂರಿಗೂ ಯಾವ ಪರಿಶೀಲನೆಗೂ ಅಂಜಬೇಕಾಗಿಲ್ಲ. ಸಾರ್ವಜನಿಕರಲ್ಲಿಯೂ ಒಂದು ವಿನಂತಿ. ನೆರೆಮನೆಯ ಹಿರಿಯರೊಬ್ಬರು ನಾಲ್ಕು ಕಾಸು ಕೂಡಿಟ್ಟಿದ್ದಾರೆಂದು ತಿಳಿದಾಗ, ಅದು ಅವರ ಮೋಸದ ಗುರುತೆಂದು ಭಾವಿಸುವ ಮುನ್ನ, ಮುಪ್ಪಿನಲ್ಲಿ ಇನ್ನೊಬ್ಬರಿಗೆ ಹೊರೆಯಾಗಬಾರದೆಂಬ ಅವರ ಎಚ್ಚರವಿರಬಹುದೇ ಎಂದು ಯೋಚಿಸುವುದು.

ವಿಶೇಷ ಸೂಚನೆ: ಆದಾಯ, ಠೇವಣಿ ಹಾಗೂ ಮಾಸಾಶನದ ಮೊತ್ತಗಳು ಸರ್ಕಾರಿ ಆದೇಶಗಳ ಮೂಲಕ ಕಾಲಕಾಲಕ್ಕೆ ಪರಿಷ್ಕೃತವಾಗುತ್ತವೆ. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಮಿತಿಗಳನ್ನು ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ದೃಢಪಡಿಸಿಕೊಳ್ಳುವುದು. ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಸರ್ಕಾರಿ ಆದೇಶವೇ ಅಂತಿಮವಾಗಿರುತ್ತದೆ.